ಹೂಂ ಅಂದವಳು

ಉಸಿರು ಒಳಕ್ಕೆ ಬಂತು, ಹೊರಕ್ಕೆ ಹೋಯಿತು. ಮತ್ತೆ ಬಂತು. ಮೂಗಿನ ತುದಿಯಲ್ಲಿ ತಣ್ಣಗೆ ತಾಗಬೇಕಾದದ್ದು ಇವತ್ತು ಖಾರದ ಮಿಕ್ಸ್ಚರಿನ ಎಣ್ಣೆ ಕಮಟನ್ನು ಹೊತ್ತುಕೊಂಡು ಬಂದದ್ದರಿಂದ, ಪದ್ಮಶ್ರೀ ‘ವಾಸನೆ, ವಾಸನೆ’ ಎಂದು ಮನಸ್ಸಿನಲ್ಲೇ ಅದಕ್ಕೊಂದು ಹೆಸರಿಟ್ಟು ಬಿಟ್ಟುಬಿಡಲು ನೋಡಿದಳು. ಅದು ಬಿಟ್ಟು ಹೋಗಲಿಲ್ಲ. ನೂರಿಪ್ಪತ್ತು ಕಾಗದದ ಕವರುಗಳಿಗೆ ತಲಾ ಒಂದು ಕೇಕು, ಒಂದು ಬಾಳೆಹಣ್ಣು, ಒಂದು ಹಿಡಿ ಮಿಕ್ಸ್ಚರು ತುಂಬಬೇಕಿತ್ತು. ಹುಣಸೂರಿನಾಚೆ ಇರುವ ಆ ಟ್ರಸ್ಟಿನ ಆಸ್ಪತ್ರೆಯ ಹಾಲಿನಲ್ಲಿ ನಾಲ್ಕು ತಾಲ್ಲೂಕಿನ ನರ್ಸುಗಳು ಬಂದು ಕೂತಿದ್ದರು. ‘ಶುಶ್ರೂಷೆಯಲ್ಲಿ ಸಾವಧಾನ’ ಎಂದು, ಕೆಳಗೆ ಇಂಗ್ಲಿಷಿನಲ್ಲಿ ಮೈಂಡ್‌ಫುಲ್‌ನೆಸ್ ಎಂದು ಬ್ಯಾನರು ಕಟ್ಟಿದ್ದರು. ಎಂಎಸ್ಸಿ ನರ್ಸಿಂಗಿನ ಎರಡನೇ ವರ್ಷದಲ್ಲಿ ಅವಳು ಪ್ರಬಂಧ ಬರೆಯುತ್ತಿದ್ದದ್ದೂ ಇದರ ಮೇಲೆಯೇ. ಹಾಗಾಗಿ ‘ವಿದ್ಯಾರ್ಥಿನಿಯೊಬ್ಬಳ ಅನುಭವ’ ಅಂತ ಅವಳಿಗೆ ಹತ್ತು ನಿಮಿಷ ಕೊಡುತ್ತೇನೆಂದು ಗೈಡ್ ಮೀನಾ ಮೇಡಂ ಹೇಳಿದ್ದರು. ಅದನ್ನು ನಂಬಿ ಅವಳು ಅಮ್ಮನ ಮೈಸೂರು ಸಿಲ್ಕು ಉಟ್ಟು ಬಂದಿದ್ದಳು. ಬಂದು ನೋಡಿದರೆ ಕಾರ್ಯಕ್ರಮದ ಪಟ್ಟಿಯಲ್ಲಿ ಆ ಸಾಲು ಇರಲಿಲ್ಲ. ಮುಂದಿನ ಸಲ ನೋಡೋಣ, ಈಗ ಸ್ವಲ್ಪ ತಿಂಡಿ ಕಡೆ ನೋಡ್ಕೋ ಎಂದಿದ್ದರು ಮೇಡಂ, ಬೆನ್ನು ಸವರಿ. ಸಿಲ್ಕು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಕವರು ತುಂಬುತ್ತಿದ್ದಳು. ಅವಮಾನ, ಅವಮಾನ. ಹೆಸರಿಟ್ಟ ಮಾತ್ರಕ್ಕೆ ಅದೂ ಹೋಗಲಿಲ್ಲ.

ಒಳಗಿಂದ ಯಾರೋ ಬಂದು, ಪ್ರೊಜೆಕ್ಟರಿನ ಹಾಳೆ ಬದಲಾಯಿಸೋರಿಲ್ಲ, ನೀವು ಬರಬೇಕಂತೆ ಎಂದು ಕರೆದರು. ಕೈಯೊರೆಸಿಕೊಂಡು ಹೋದಳು. ಮೇಡಂ ಮೈಕಿನ ಮುಂದಿದ್ದರು. ಅವರ ದನಿಯಲ್ಲಿ ಒಂದು ತಂಪಿತ್ತು. ಒಂದೂವರೆ ವರ್ಷದ ಹಿಂದೆ ಬೈಲಕುಪ್ಪೆಯ ಹುಲ್ಲಿನ ಮೇಲೆ ಇಪ್ಪತ್ತು ಹುಡುಗಿಯರನ್ನು ಕೂರಿಸಿ, ಕಣ್ಣು ಮುಚ್ಚಿ, ಬಂದದ್ದು ಬರಲಿ, ಹೋದದ್ದು ಹೋಗಲಿ ಎಂದದ್ದು ಇದೇ ದನಿ. ಅವತ್ತು ಪದ್ಮಶ್ರೀಯ ಕಣ್ಣಲ್ಲಿ ನೀರು ಇಳಿದಿತ್ತು. ಅಜ್ಜಿ ಸತ್ತ ಮೇಲೆ ಯಾರೂ ಅವಳನ್ನು ಹಾಗೆ ಕೂರಿಸಿಕೊಂಡು, ಅವಸರವಿಲ್ಲದೆ ಮಾತಾಡಿರಲಿಲ್ಲ. ಈಗಲೂ ಆ ದನಿ ಕಿವಿಗೆ ಬಿದ್ದ ತಕ್ಷಣ ಭುಜಗಳು ತಾವಾಗಿ ಸಡಿಲವಾದವು.

‘ನಾನು ಆಗಿನ್ನೂ ಟ್ರೇನಿಂಗಿನಲ್ಲಿದ್ದೆ,’ ಎಂದರು ಮೇಡಂ. ‘ಮಧ್ಯಾಹ್ನ ಎರಡೂವರೆ. ವಾರ್ಡಿನ ಫ್ಯಾನು ಒಂದೊಂದು ಸುತ್ತಿಗೂ ಒಂದೊಂದು ಸಲ ಕೆಮ್ಮುತ್ತಿತ್ತು.’

ಫ್ಯಾನು ಕೆಮ್ಮಿದ್ದು ಪದ್ಮಶ್ರೀಯ ಡೈರಿಯಲ್ಲಿ. ಹಾಗೆ ಬರೆದಾಗ, ಇಂಥಾ ಹೊತ್ತಿನಲ್ಲೂ ವಾಕ್ಯ ಚೆನ್ನಾಗಿ ಬಂತಲ್ಲ ಎಂದು ಒಂದು ಚೂರು ಹಿಗ್ಗಿ, ಹಿಗ್ಗಿದ್ದಕ್ಕೆ ನಾಚಿಕೊಂಡಿದ್ದಳು. ದಿನಾ ಕಂಡದ್ದನ್ನು, ಅನ್ನಿಸಿದ್ದನ್ನು ಸರಿತಪ್ಪು ನೋಡದೆ ಬರೆದು ತನಗೆ ಒಪ್ಪಿಸಬೇಕು, ತನ್ನ ಕಣ್ಣು ಬಿಟ್ಟು ಇನ್ನೊಂದು ಕಣ್ಣು ಅದನ್ನು ನೋಡುವುದಿಲ್ಲ ಎಂದು ಮೇಡಂ ಮಾತು ಕೊಟ್ಟಿದ್ದರು. ಪದ್ಮಶ್ರೀಗೆ ಮೊದಲು ಹೊಳೆದದ್ದು ಇಷ್ಟೆ: ನನ್ನ ಹೆಸರು ಹೇಳುತ್ತಾರೆ, ಈಗ ಹೇಳುತ್ತಾರೆ, ನೂರಿಪ್ಪತ್ತು ತಲೆ ಈ ಕಡೆ ತಿರುಗುತ್ತವೆ. ಹೆದರಿಕೆಯಲ್ಲಿ ಪ್ರೊಜೆಕ್ಟರಿನ ಅಂಚನ್ನು ಹಿಡಿದುಕೊಂಡಳು. ಆದರೆ ಮೇಡಂ ಮುಂದುವರಿಸಿದ್ದೇ ಬೇರೆ. ‘ನಮ್ಮಜ್ಜಿ ಕತೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು,’ ಎಂದರು. ‘ಹೂಂ ನಿಲ್ಲಿಸಿದರೆ ಕತೆಯೊಳಗಿನ ಜನ ನಿಂತಲ್ಲೇ ನಿಂತುಬಿಡುತ್ತಾರೆ ಅನ್ನೋರು.’

ಅವರ ಅಜ್ಜಿ ಅವರು ಹುಟ್ಟುವುದಕ್ಕೆ ಮುಂಚೆಯೇ ತೀರಿಕೊಂಡಿದ್ದರು. ಮೇಡಮ್ಮೇ ಒಂದು ಸಲ ಊಟ ಮಾಡುತ್ತಾ ಹೇಳಿದ್ದ ಮಾತು. ಕತೆಯ ಅಜ್ಜಿ ಪಿರಿಯಾಪಟ್ಟಣದ ಕಡೆಯವಳು, ಎಡಗಿವಿಯ ಹಾಲೆ ಹರಿದವಳು, ಪದ್ಮಶ್ರೀಯ ಅಜ್ಜಿ. ಮೊಮ್ಮಗಳು ತೂಕಡಿಸುತ್ತಿದ್ದಾಳೆ ಅನ್ನಿಸಿದರೆ ಅದೇ ರಾಗದಲ್ಲಿ, ಆಗ ಆ ರಾಜನ ಮಗ ನಮ್ಮ ಹಟ್ಟಿ ಎಮ್ಮೆ ಮೇಲೆ ಕುಂತ್ಕೊಂಡು ಸಂತೆಗೋಗಿ ಆರು ಬೋಂಡ ತಿಂದ ಎಂದುಬಿಡುತ್ತಿದ್ದಳು. ಹೂಂ ಅನ್ನುತ್ತಿದ್ದಳು ಇವಳು, ನಿದ್ದೆಗಣ್ಣಲ್ಲಿ. ನೆತ್ತಿಯ ಮೇಲೆ ಮೊಟಕು ಬೀಳುತ್ತಿತ್ತು. ಸುಳ್ಳು ಊಂ, ಕಳ್ಳಿ, ಗ್ಯಾನ ಎಲ್ಲಿಟ್ಟಿದ್ದೀಯೆ. ಗ್ಯಾನ ಅಂದರೆ ಅಜ್ಜಿಯ ಬಾಯಲ್ಲಿ ಎಲ್ಲವೂ: ಗಮನ, ನೆನಪು, ಎಚ್ಚರ, ಮೈಮೇಲಿನ ಖಬರು. ಬಾವಿಗೆ ಹಾರಿದ ಕಿರಿಸೊಸೆಯ ಕತೆಯಲ್ಲಿ ಮಾತ್ರ ಇವಳಿಗೆ ನಿದ್ದೆ ಬರುತ್ತಿರಲಿಲ್ಲ. ಅಳುತ್ತಾ, ಅವಳನ್ನ ಬದುಕಿಸಜ್ಜೀ ಎಂದು ಸೀರೆ ಹಿಡಿದು ಜಗ್ಗುತ್ತಿದ್ದಳು. ಅಜ್ಜಿ ಎಲ್ಲಕ್ಕೂ ಸೋಲುವವಳು, ಅದೊಂದಕ್ಕೆ ಸೋಲುತ್ತಿರಲಿಲ್ಲ. ಸತ್ತೋರ್ನ ಬರೀ ಬಾಯಲ್ಲಿ ಎಬ್ಬಿಸ್ಬಾರ್ದು ಕಣ್ ಮಗ, ಅದು ಸತ್ತೋರಿಗೆ ಮಾಡೋ ಅವಮಾನ.

ಜೂನ್ ತಿಂಗಳ ಆ ಮಧ್ಯಾಹ್ನ ಈ ಹಾಲಿನ ನೆತ್ತಿಯ ಮೇಲೆ, ಮೊದಲನೇ ಮಹಡಿಯ ಗಂಡಸರ ವಾರ್ಡಿನಲ್ಲಿ, ಪ್ರಾಯೋಗಿಕ ತರಬೇತಿಗೆ ಬಂದಿದ್ದ ಇವಳು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ್ದಳು. ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವ ಮುಂಚೆ ಮೂರು ನಿಮಿಷ ಉಸಿರಿನ ಜೊತೆ ಇರಬೇಕು, ಕಿವಿಗೆ ಏನು ಬಿದ್ದರೂ ‘ಶಬ್ದ’ ಎಂದಷ್ಟೇ ಗುರುತಿಸಿ ಬಿಟ್ಟುಬಿಡಬೇಕು ಎಂದು ಮೇಡಂ ಕಲಿಸಿದ್ದರು. ಫ್ಯಾನು, ಶಬ್ದ. ಟ್ರಾಲಿ, ಶಬ್ದ. ವಾರ್ಡಿನಲ್ಲಿ ಮಲಗಿದ್ದ ಬಿಳಿಕೆರೆಯ ಅಂಕಯ್ಯನ ಹೆಂಡತಿ ತಿಮ್ಮಮ್ಮ ಬಾಗಿಲ ಹತ್ತಿರ ಬಂದು ಸಂಕೋಚದಿಂದ, ಅವ್ವಾ, ಅವ್ರಿಗ್ಯಾಕೋ ಗ್ಯಾನ ಇಲ್ದಂಗೈತೆ ಎಂದದ್ದು, ಅದೂ ಶಬ್ದ. ಎಷ್ಟು ಪರಿಚಯದ ಶಬ್ದವೆಂದರೆ, ಅದು ಅಜ್ಜಿಯ ರಾಗದಲ್ಲೇ ಬಂದು ಮುಗಿದ ಕೂಡಲೇ ಇವಳ ಗಂಟಲಿನಿಂದ ತಾನಾಗಿ ಒಂದು ಹೂಂ ಎದ್ದಿತು. ತಿಮ್ಮಮ್ಮನಿಗೆ ಅಷ್ಟು ಸಾಕಾಯಿತು. ಸಿಸ್ಟರು ಕೇಳಿಸಿಕೊಂಡಿದ್ದಾರೆ, ಬರುತ್ತಾರೆ ಎಂದು ಹೋಗಿ ಗಂಡನ ಕಾಲ ಬಳಿ ಕೂತಳು. ಬೆಳಗಿನ ಇನ್ಸುಲಿನ್ ಮೈಗೇರಿ, ಅಂಕಯ್ಯ ಮಧ್ಯಾಹ್ನದ ಊಟವನ್ನು ವಾಕರಿಕೆಯೆಂದು ಮುಟ್ಟದೆ, ರಕ್ತದ ಸಕ್ಕರೆ ಪಾತಾಳ ಕಂಡಿತ್ತು. ಸಿಸ್ಟರು ಬರಲಿಲ್ಲ. ನಲವತ್ತು ನಿಮಿಷವಾದ ಮೇಲೆ ಯಾರೋ ನೋಡಿ ಕೂಗಿದರು, ಗ್ಲೂಕೋಸು ಏರಿಸಿದರು. ಆತ ಕಣ್ಣು ತೆರೆಯಲಿಲ್ಲ. ಮೂರನೇ ದಿನ ತೀರಿಕೊಂಡ.

‘ಆ ಹೆಂಗಸಿನ ಮಾತಿಗೆ ನನ್ನ ಬಾಯಿ ಹೂಂ ಅಂದುಬಿಟ್ಟಿತ್ತು,’ ಎನ್ನುತ್ತಿದ್ದರು ಮೇಡಂ. ‘ಆದರೆ ಸಾವಧಾನ ಅನ್ನೋದು ನಮ್ಮನ್ನ ಮಲಗೋಕೆ ಬಿಡಲ್ಲ. ಒಂದೇ ಒಂದು ಉಸಿರು. ಈಗ ನಾನು ಏನಂದೆ? ಕಣ್ಣು ಬಿಟ್ಟೆ. ಓಡಿದೆ. ಮೂರನೇ ದಿನ ಆ ಮನುಷ್ಯ ತಾನೇ ನಡ್ಕೊಂಡು ಮನೆಗೆ ಹೋದ.’

ಚಪ್ಪಾಳೆ. ಮುಂದಿನ ಸಾಲಿನ ಪಿರಿಯಾಪಟ್ಟಣದ ಹಿರಿಯ ನರ್ಸೊಬ್ಬರು ಕಣ್ಣೊರೆಸಿಕೊಂಡರು. ಮೇಡಂ ಹಾಳೆಗಾಗಿ ಕೈ ಸನ್ನೆ ಮಾಡಿದರು. ಪದ್ಮಶ್ರೀ ಇಟ್ಟ ಹಾಳೆ ತಲೆಕೆಳಗಾಗಿ ಬಿದ್ದು ಗೋಡೆಯ ಮೇಲೆ ಬುದ್ಧನ ಚಿತ್ರ ಕಾಲು ಮೇಲಾಗಿ ನಿಂತಿತು. ನಕ್ಕರು ಎಲ್ಲರೂ. ಪಾಪ, ನಮ್ಮ ಹುಡುಗಿ ಇನ್ನೂ ಸಾವಧಾನ ಕಲೀತಾ ಇದ್ದಾಳೆ ಎಂದರು ಮೇಡಂ ಮೈಕಿನಲ್ಲಿ. ಇನ್ನೊಮ್ಮೆ ನಕ್ಕರು. ಅವಳೂ ನಕ್ಕಳು. ನಗು ಮುಖದ ಮೇಲೆ ಉಳಿದು ತುಟಿ ನೋಯುವವರೆಗೂ ಅದನ್ನು ತೆಗೆಯುವುದು ಹೇಗೆಂದು ಗೊತ್ತಾಗಲಿಲ್ಲ. ಅಜ್ಜಿಯನ್ನು ಎತ್ತಿಕೊಂಡರು, ಫ್ಯಾನಿನ ಕೆಮ್ಮನ್ನು ಎತ್ತಿಕೊಂಡರು, ಹೋಗಲಿ. ಮೂರು ತಿಂಗಳಿಂದ ಎದೆಯಲ್ಲಿ ಕಲ್ಲಾಗಿ ಕೂತ ತಪ್ಪನ್ನೂ ಎತ್ತಿಕೊಂಡರಲ್ಲ. ಅದೊಂದೇ ತನ್ನ ಸ್ವಂತದ್ದು ಅಂತ ಇದ್ದದ್ದು. ಅವರ ಕೈಯಲ್ಲಿ ಅದು ಹತ್ತಿಯಷ್ಟು ಹಗುರವಾಗಿ ಹೋಗಿತ್ತು.

ಟೀ ಹೊತ್ತಿನಲ್ಲಿ ಮೇಡಮ್ಮನನ್ನು ತಡೆದು, ನನ್ನ ಡೈರಿ ಕೊಡಿ ಎಂದಳು. ಅದೊಂದೇ ಮಾತು ಬಾಯಿಗೆ ಬಂದದ್ದು. ಮೇಡಂ ಅವಳನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ಸಿಟ್ಟಾಗಲಿಲ್ಲ. ಅವರು ಎಂದೂ ಸಿಟ್ಟಾಗುತ್ತಿರಲಿಲ್ಲ.

‘ನೋಡು ಪದ್ಮಾ, ನಿನ್ನದು ಅಂತ ಹೇಳಿದ್ದಿದ್ರೆ ಇವತ್ತೇ ನಿನ್ನ ಓದು ಮುಗೀತಿತ್ತು. ನಿನ್ನ ಪಾಪಾನ ನನ್ನ ತಲೆ ಮೇಲೆ ಹೊತ್ಕೊಂಡೆ ಕಣಮ್ಮ. ಅಷ್ಟೂ ಕಾಣಲ್ವಾ ನಿಂಗೆ?’

ಆತ ಬದುಕಲಿಲ್ಲವಲ್ಲ ಮೇಡಂ ಎಂದಳು. ಮೇಡಂ ಅವಳ ಕೈಯಲ್ಲಿದ್ದ ತಿಂಡಿ ಕವರಿನಿಂದಲೇ ಒಂದು ಚೂರು ಕೇಕು ಮುರಿದು ಬಾಯಿಗೆ ಹಾಕಿಕೊಂಡು, ಸತ್ತ ಅಂದ್ರೆ ಅವರು ಮನೆಗೆ ಏನು ತಗೊಂಡು ಹೋಗ್ತಾರೆ ಹೇಳು ಎಂದರು. ಅದು ಪ್ರಶ್ನೆಯಾಗಿರಲಿಲ್ಲ. ಜೂನಿನಲ್ಲಿ ಇವಳು ಅಳುತ್ತಾ ಹೋಗಿ ಡೈರಿಯ ಪುಟ ತೋರಿಸಿ, ತಿಮ್ಮಮ್ಮನ ಮನೆಗೆ ಹೋಗಿ ಹೇಳಿಬಿಡುತ್ತೇನೆ ಎಂದಾಗಲೂ ಅವರು ಹೀಗೇ ಮೆಲ್ಲಗೆ, ಬರೆದದ್ದೇ ಪ್ರಾಯಶ್ಚಿತ್ತ, ತಪ್ಪಿನ ಭಾವ ಮೋಡದ ಹಾಗೆ, ನೋಡ್ತಾ ಇರು, ಎಲ್ಲಿಗೂ ಹೋಗಬೇಡ ಎಂದಿದ್ದರು. ಆಗ ಅದು ದಯೆಯಾಗಿ ಕಂಡಿತ್ತು. ಈಗ ಆ ದಯೆಯನ್ನು ಎಲ್ಲಿ ತಟ್ಟಿದರೂ ಟೊಳ್ಳು ಸದ್ದು. ಆದರೆ ಅದನ್ನು ತಾನೂ ಎಷ್ಟು ಆಸೆಯಿಂದ ಹೊದ್ದುಕೊಂಡಿದ್ದೆ ಎಂಬುದು ನೆನಪಾಗಿ, ಬೈಯಲು ತನಗೇನು ಹಕ್ಕು ಅನ್ನಿಸಿತು. ಯಾಕೆಂದರೆ ಅಂಕಯ್ಯ ಹೋದ ಮೇಲೆ ವಿಚಾರಣೆ ಆಗಿತ್ತು. ಸಿಸ್ಟರಿಗೆ ಹೇಳಿದೆ, ಊಂ ಅಂದ್ರು ಎಂದು ತಿಮ್ಮಮ್ಮ ಎದೆ ಬಡಿದುಕೊಂಡಿದ್ದಳು. ಆ ಹೊತ್ತಿನ ಡ್ಯೂಟಿ ಕೇರಳದ ಲಿಸ್ಸಿಯದು. ಕೆಲಸಕ್ಕೆ ಬಂದು ವರ್ಷವಾಗಿರಲಿಲ್ಲ, ಕನ್ನಡ ಬಾರದೆ ಎಲ್ಲಕ್ಕೂ ಹೂಂ, ಹೂಂ ಎನ್ನುತ್ತಾಳೆ ಎಂದು ವಾರ್ಡಿನವರೆಲ್ಲ ಆಡಿಕೊಂಡು ನಗುತ್ತಿದ್ದ ಹುಡುಗಿ. ಇವರೇನಾ ಎಂದು ತೋರಿಸಿದಾಗ, ಬಾಗಿಲಿನಿಂದ ತಾನು ಕಂಡದ್ದೂ ಇದೇ ಬಿಳಿ ಬಟ್ಟೆ, ಬಗ್ಗಿದ ತಲೆ ಎಂದು ಅಳುತ್ತಿದ್ದ ತಿಮ್ಮಮ್ಮ ತಲೆಯಾಡಿಸಿದ್ದಳು. ನಾನ್ ಕೇಳಿಲ್ಲ ಸಾರ್, ನಾನ್ ಕೇಳಿಲ್ಲ ಎಂದು ಲಿಸ್ಸಿ ಅತ್ತಳು. ಅವಳ ಭಾಷೆಯಲ್ಲಿ ಅದಕ್ಕೆ ನನ್ನ ಕಿವಿಗೆ ಬೀಳಲೇ ಇಲ್ಲ ಎಂಬ ಅರ್ಥ. ನೋಡಿ, ಹೇಳಿದ್ದನ್ನ ಕೇಳಿಲ್ಲ ಅಂತ ತಾನೇ ಒಪ್ಕೊಳ್ತಿದಾಳೆ ಎಂದರು ಸೂಪರಿಂಟೆಂಡೆಂಟು; ಅಲ್ಲಿಗೆ ಲಿಸ್ಸಿಯ ಕೆಲಸ ಹೋಯಿತು. ಆ ಎರಡು ಮಾತಿನ ನಡುವಿನ ವ್ಯತ್ಯಾಸ ಗೊತ್ತಿದ್ದವಳು ಆ ರೂಮಿನಲ್ಲಿ ಒಬ್ಬಳೇ ಇದ್ದಳು. ಆ ಒಬ್ಬಳು, ಪದ್ಮಶ್ರೀ, ಉಸಿರನ್ನು ಗಮನಿಸುತ್ತಿದ್ದಳು.

ಮೈಸೂರಿಗೆ ವಾಪಸಾಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಳು. ಮೂರು ತಿಂಗಳಿಂದ ಬಿಳಿಕೆರೆ ಬಂತೆಂದರೆ ಅವಳು ಕಣ್ಣು ಮುಚ್ಚಿ ಉಸಿರಿಗೆ ಅಂಟಿಕೊಳ್ಳುತ್ತಿದ್ದಳು. ಕಂಡಕ್ಟರು, ಅಮ್ಮಾವ್ರಿಗೆ ಬಿಳಿಕೆರೇಲೇ ನಿದ್ದೆ ಬತ್ತದೆ ನೋಡಿ ಎಂದು ತಮಾಷೆ ಮಾಡುವಷ್ಟು. ಇವತ್ತು ಮುಚ್ಚಿದ ರೆಪ್ಪೆಯೊಳಗೆ ಒಬ್ಬ ಮನುಷ್ಯ ತಾನೇ ನಡೆದುಕೊಂಡು ಆಸ್ಪತ್ರೆಯ ಗೇಟು ದಾಟಿ ಬರುತ್ತಿದ್ದ. ಟವೆಲು ಹೆಗಲ ಮೇಲೆ. ಚಪ್ಪಾಳೆಯ ನಡುವೆ ನಡೆದು ಬಂದು ಅವನು ಎಲ್ಲಿಗೆ ಹೋಗಬೇಕು? ಮನೆಯಲ್ಲಿ ಅವನ ಹೆಂಡತಿ ಅವನಿಗೆ ಎಡೆಯಿಟ್ಟಿದ್ದಾಳೆ. ‘ನಿಲ್ಸಿ,’ ಎಂದಳು. ಬಸ್ಸು ಆಗಲೇ ಹೊರಟಿತ್ತು. ಕಂಡಕ್ಟರು ಗೊಣಗಿ ಸೀಟಿ ಊದಿದ.

ತಿಮ್ಮಮ್ಮನ ಮನೆ ರಸ್ತೆಯ ಹಿಂದಿನ ಬೀದಿಯಲ್ಲಿತ್ತು. ಚಪ್ಪರದಡಿ ಹೊಗೆಸೊಪ್ಪಿನ ರಾಶಿ ಹಾಕಿಕೊಂಡು ಒಬ್ಬಳೇ ಕೂತು ಕಡ್ಡಿಗೆ ಕಟ್ಟುತ್ತಿದ್ದಳು. ಸೊಪ್ಪಿನ ಅಂಟಿನಿಂದ ಕೈಯೆಲ್ಲ ಟಾರು ಬಳಿದಂತೆ ಕಪ್ಪಾಗಿತ್ತು. ಪದ್ಮಶ್ರೀಯನ್ನು ಕಂಡು ಅವಳ ಮುಖ ಅರಳಿದ್ದೇ ಒಂದು ಏಟಿನಂತೆ ಬಿತ್ತು. ಅವತ್ತು ಟೀ ತಂದ್ಕೊಟ್ಟು ನನ್ ಕೈ ಇಡ್ಕೊಂಡಿದ್ದ ಸಿಸ್ಟರಲ್ವಾ, ಬಾ ಮಗ, ಸೀರೆ ಕೊಳೆ ಆಯ್ತದೆ, ಗೋಣಿ ಮೇಲೆ ಕುಂತ್ಕೋ ಎಂದಳು. ಆ ಆಸ್ಪತ್ರೇಲಿ ಮನುಷ್ಯತ್ವ ಇದ್ದದ್ದು ನಿಂಗೊಬ್ಳಿಗೇ ಅಂತ ಊರಿಗೆಲ್ಲ ಹೇಳಿದ್ದೀನಿ ಎಂದಳು. ಪದ್ಮಶ್ರೀ ಕೂತಳು. ಕೂತವಳ ಕೈ ಸುಮ್ಮನಿರದೆ ಹುಟ್ಟೂರಿನ ರೂಢಿಯಂತೆ ರಾಶಿಯಿಂದ ಎರಡೆರಡು ಎಲೆ ಜೋಡಿಸಿ ತಿಮ್ಮಮ್ಮನ ಕೈಗೆ ಕೊಡತೊಡಗಿತು. ನಾಲ್ಕು ಕಡ್ಡಿ ತುಂಬುವವರೆಗೂ ಮಳೆ, ಸೊಪ್ಪಿನ ದರ, ಅಂಕಯ್ಯ ಬಿಟ್ಟುಹೋದ ಜೋಡೆತ್ತುಗಳ ಮಾತು ನಡೆಯಿತು.

‘ಅಮ್ಮಾ, ಅವತ್ತು ಹೂಂ ಅಂದವಳು ನಾನು.’

‘ಯಾವತ್ತು?’

‘ಅವರಿಗೆ ಗ್ಯಾನ ಇಲ್ದಂಗೈತೆ ಅಂತ ಬಂದು ಹೇಳಿದ್ರಲ್ಲ, ಆಗ. ಕುರ್ಚೀಲಿ ಕಣ್ಣು ಮುಚ್ಕೊಂಡು ಕೂತಿದ್ದೋಳು ಲಿಸ್ಸಿ ಅಲ್ಲ. ಅವಳು ಕೆಳಗಡೆ ಔಷಧಿ ತರಕ್ಕೆ ಹೋಗಿದ್ಲು. ನೀವು ಹೇಳಿದ್ದು ನನ್ನ ಕಿವಿಗೆ ಬಿತ್ತು. ನಾನು ಕೇಳಿಸ್ಕೊಳ್ಳಲಿಲ್ಲ.’

ತಿಮ್ಮಮ್ಮ ಇನ್ನೂ ಎರಡು ಜೋಡಿ ಕಟ್ಟಿದಳು. ಆಮೇಲೆ ದಾರ ಕೈಯಲ್ಲೇ ನಿಂತಿತು. ಆ ಉಡುಗಿ ನಿನ್ನ ಕಳ್ಸಿದ್ಲಾ ಎಂದು ಕೇಳಿದಳು. ಇಲ್ಲ ಎಂದಳು ಪದ್ಮಶ್ರೀ. ಟೀ ಯಾಕೆ ಕೊಟ್ಟೆ ಎಂದು ಕೇಳಿದಳು. ತಿಮ್ಮಮ್ಮನ ಮುಖದ ಮೇಲೆ ಈಗ ನಿಧಾನವಾಗಿ ಇಳಿಯುತ್ತಿದ್ದುದನ್ನು ಪದ್ಮಶ್ರೀ ಗುರುತು ಹಿಡಿದಳು. ಬೆಳಿಗ್ಗೆ ಪ್ರೊಜೆಕ್ಟರಿನ ಬೆಳಕಿನಲ್ಲಿ ತನ್ನ ಮುಖ ಹೀಗೇ ಇದ್ದಿರಬೇಕು. ನಂಬಿದ ಕೈಯೇ ಕತ್ತಿ ಹಿಡಿದದ್ದನ್ನು ಕಂಡ ಮುಖ.

‘ಮೂರು ತಿಂಗ್ಳಾಯ್ತು ಕಣೆ,’ ಎಂದಳು ತಿಮ್ಮಮ್ಮ. ದನಿ ಏರಿರಲಿಲ್ಲ. ‘ದಿನಾ ದೀಪ ಅಚ್ಚೋ ಒತ್ನಲ್ಲಿ ಆ ಉಡುಗೀಗೆ ಮಣ್ಣು ತೂರ್ತಾ ಇವ್ನಿ. ನಿನ್ನೊಟ್ಟೇಲಿ ಉಟ್ಟಿದ್ದು ನೀನು ಕೂಗುದ್ರೆ ಊಂ ಅನ್ನದಂಗಾಗ್ಲಿ ಅಂತ.’

ಕತೆಗಳಲ್ಲಿ ಶಾಪ ಹಕ್ಕಿಯಂತೆ ಹಾರಿ ಬಂದು ಹೆಸರಿದ್ದವರ ಹೆಗಲ ಮೇಲೆ ಕೂರುವುದನ್ನು ನಂಬಿ ಬೆಳೆದವಳು ಪದ್ಮಶ್ರೀ. ಶರೀರಶಾಸ್ತ್ರ ಓದಿದ ಮೇಲೂ ಆ ನಂಬಿಕೆ ಎಲ್ಲೋ ತಳದಲ್ಲಿ ಉಳಿದಿತ್ತು. ಅದನ್ನ ನನಗೆ ಹಾಕಿಬಿಡಿ ಅಮ್ಮ ಎಂದಳು. ಹಾಗನ್ನುವಾಗ ಒಂದು ಬಗೆಯ ಬಿಡುಗಡೆಯ ರುಚಿ ನಾಲಿಗೆಗೆ ಹತ್ತಿತು. ತಿಮ್ಮಮ್ಮನಿಗೆ ಅದು ಕಂಡಿರಬೇಕು.

‘ನೀನು ಕೇಳ್ದೆ ಅಂತ ಕೊಡಕ್ಕೆ ಅದೇನು ಸೊಪ್ಪಿನ ಕಟ್ಟಾ? ಮೊದ್ಲು ಅವ್ಳ ಮೇಲಿಂದ ಇಳೀಬೇಕು. ಅವ್ಳೂರು ಯಾವ್ದು?’

‘ಕೇರಳ.’

‘ಕೇರಳ ಅಂತ ಒಂದೂರೈತಾ? ಅವ್ಳ ಅವ್ವನೆಸ್ರೇನು?’

ಪದ್ಮಶ್ರೀಗೆ ಗೊತ್ತಿರಲಿಲ್ಲ. ಮೂರು ತಿಂಗಳು ಲಿಸ್ಸಿಯ ಪಕ್ಕದಲ್ಲಿ ನಿಂತು ಹಾಸಿಗೆ ಹಾಸಿದ್ದಳು, ಅವಳು ಮನೆಯಿಂದ ತಂದ ಬಾಳೆಕಾಯಿ ಚಿಪ್ಸು ತಿಂದಿದ್ದಳು. ತನ್ನ ಉಸಿರು ಬಲ ಹೊಳ್ಳೆಯಿಂದ ಹೋಗುತ್ತದೋ ಎಡದಿಂದಲೋ ಎಂದು ಪುಟಗಟ್ಟಲೆ ಬರೆದಿದ್ದಳು. ನಿನ್ನ ಊರು ಯಾವುದು ಎಂದು ಆ ಹುಡುಗಿಯನ್ನು ಒಂದು ಸಲ ಕೇಳಿರಲಿಲ್ಲ. ತಿಮ್ಮಮ್ಮ ಕಡ್ಡಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಮಣ್ಣು ತೂರಕ್ಕೆ ಊರು ಬೇಡ, ವಾಪಸ್ ತಗಳಕ್ಕೆ ಬೇಕು ಎಂದಳು. ಹೆಸರು, ಊರು, ಹೆತ್ತವಳ ಹೆಸರು ಮೂರನ್ನೂ ಹೇಳಿ ತುಳಸಿ ಬುಡಕ್ಕೆ ನೀರು ಬಿಡಬೇಕು, ತನ್ನ ಅತ್ತೆ ಕಲಿಸಿದ್ದು ಹಾಗೆ. ಪದ್ಮಶ್ರೀ ಕೊಟ್ಟಿದ್ದ ಕೊನೆಯ ಎರಡು ಎಲೆಗಳನ್ನು ಅವಳು ಕಡ್ಡಿಯಿಂದ ಬಿಡಿಸಿ ರಾಶಿಗೆ ಎಸೆದಳು. ‘ಓಗು. ತಿಳ್ಕೊಂಡು ಬಾ. ಬರೀ ಕೈಲಿ ನನ್ನಟ್ಟಿ ಮುಂದೆ ನಿಲ್ಲಬ್ಯಾಡ.’

ಹೆದ್ದಾರಿಯಲ್ಲಿ ಮೈಸೂರಿನ ಬಸ್ಸು ಬಂದು ನಿಂತು, ಬತ್ತೀರೇನವ್ವ ಎಂದು ಕರೆದು ಹೋಯಿತು. ಅವಳು ರಸ್ತೆ ದಾಟಿ ಹುಣಸೂರಿನ ಕಡೆಯ ಬಸ್ಸು ಹತ್ತಿದಳು. ಆಸ್ಪತ್ರೆಯ ಹಾಲಿನಲ್ಲಿ ಬ್ಯಾನರು ಬಿಚ್ಚುತ್ತಿದ್ದರು. ಆಫೀಸಿನ ಗುಮಾಸ್ತ ದೇವರಾಜು ಬೀಗ ಹಾಕುವುದರಲ್ಲಿದ್ದ. ಲಿಸ್ಸಿಯ ವಿಳಾಸ ಬೇಕು ಎಂದಳು. ಕೆಲಸ ಬಿಟ್ಟವರ ವಿಳಾಸ ಯಾಕಮ್ಮ ಎಂದ. ದಾರಿಯುದ್ದಕ್ಕೂ ಅವಳು ಒಂದು ಸುಳ್ಳು ಹೊಂದಿಸಿಕೊಂಡು ಬಂದಿದ್ದಳು, ಅವಳ ಪುಸ್ತಕವೊಂದು ನನ್ನ ಹತ್ತಿರ ಉಳಿದಿದೆ ಅಂತ. ಅದು ಬಾಯಿಗೆ ಬರಲಿಲ್ಲ. ‘ಅಂಕಯ್ಯನವರ ಹೆಂಡತಿ ಬಂದು ಹೇಳಿದ್ದು ನನಗೆ,’ ಎಂದಳು. ‘ಲಿಸ್ಸಿಗಲ್ಲ.’

ದೇವರಾಜು ಬೀಗವನ್ನು ಮೇಜಿನ ಮೇಲಿಟ್ಟ. ಅವಳ ಸಿಲ್ಕು ಸೀರೆ, ಕಪ್ಪಾದ ಬೆರಳು ಎಲ್ಲವನ್ನೂ ಒಮ್ಮೆ ನೋಡಿದ.

‘ನಿಮ್ಮ ಮೇಡಂಗೆ ಇದು ಗೊತ್ತಾ?’

‘ಗೊತ್ತು,’ ಎಂದಳು. ‘ಜೂನಿನಿಂದ.’

ನಾಳೆ ಇದು ಯಾರ ಯಾರ ಕಿವಿಗೆ ಹೋಗುತ್ತದೆ, ತನ್ನ ಪ್ರಬಂಧ ಏನಾಗುತ್ತದೆ ಎಂಬುದೆಲ್ಲ ಅವಳಿಗೆ ಅವನ ಮುಖದ ಮೇಲೇ ಕಂಡಿತು. ಅವನು ಬೀರು ತೆಗೆದು ದಪ್ಪ ರಿಜಿಸ್ಟರು ಇಳಿಸಿ, ಬೆರಳಿಗೆ ಉಗುಳು ಹಚ್ಚಿ ಪುಟ ತಿರುವಿದ. ಮನೆ ಹೆಸರು, ಅಂಚೆ, ವಯನಾಡು ಜಿಲ್ಲೆ. ಮಾನಂದವಾಡಿಯಿಂದ ಒಳಗೆ ಎಲ್ಲೋ. ಪೆನ್ನು ಈಸಿಕೊಂಡು ಅಂಗೈ ಮೇಲೆ ಬರೆದುಕೊಳ್ಳಲು ಹೋದಳು; ಸೊಪ್ಪಿನ ಅಂಟಿನ ಮೇಲೆ ಶಾಯಿ ಹಿಡಿಯಲಿಲ್ಲ. ಎರಡು ಸಲ ಗಟ್ಟಿಯಾಗಿ ಓದಿಸಿಕೊಂಡು ಬಾಯಿಪಾಠ ಮಾಡಿಕೊಂಡಳು.

ತಾಯಿ ಹೆಸರು ಎಂದು ಕೇಳಿದಳು.

‘ಅದಕ್ಕೆ ಕಾಲಮ್ಮೇ ಇಲ್ವಲ್ಲಮ್ಮ,’ ಎಂದ ದೇವರಾಜು. ‘ತಂದೆ ಹೆಸರು ಅಷ್ಟೆ. ಬೇಕಂದ್ರೆ ಆ ಹುಡುಗೀನೇ ಕೇಳ್ಬೇಕು.’

ಪದ್ಮಶ್ರೀ ಪೆನ್ನನ್ನು ಅವನ ಮೇಜಿನ ಮೇಲಿಟ್ಟಳು. ಆಮೇಲೆ, ಎಚ್.ಡಿ. ಕೋಟೆ ಮೇಲೆ ಮಾನಂದವಾಡಿಗೆ ಬೆಳಗಿನ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು.